ಕಾಯಿರಿ ಎಂದು ಬರೆದ ಕಾರ್ಡು

ಮೇಡಂ ತೀರಿಕೊಂಡ ಎರಡು ವಾರಕ್ಕೆ ಬಸವನಗುಡಿಯ ಒಂದು ಚಿಕ್ಕ ಸಭಾಂಗಣದಲ್ಲಿ ಅವರ ಶಿಷ್ಯರು, ಜೊತೆಯಲ್ಲಿ ಕೆಲಸ ಮಾಡಿದವರು, ಒಂದು ನಲವತ್ತು ಜನ ಸೇರಿದ್ದೆವು. ಮೈಕಿನ ಮುಂದೆ ಬಂದವರೆಲ್ಲ ಸುತ್ತಿ ಬಳಸಿ ಒಂದೇ ಮಾತು ಹೇಳಿದರು: ಆಕೆಗೆ ಭಯ ಎಂಬುದೇ ಗೊತ್ತಿರಲಿಲ್ಲ. ಮಂತ್ರಿಯೊಬ್ಬರ ಎದುರಿಗೇ ನಿಮ್ಮ ಲೆಕ್ಕ ತಪ್ಪು ಅಂದವರು, ಹಿರಿಯ ಅಧಿಕಾರಿಯನ್ನು ಕೂರಿಸಿಕೊಂಡು ಗುಣಾಕಾರ ಮಾಡಿಸಿದವರು, ಹೀಗೆ. ನನ್ನ ಸರದಿ ಬಂದಾಗ ನಾನು ಎದ್ದು, "ನಮಗೆಲ್ಲ ಅಮ್ಮನ ಹಾಗಿದ್ದರು" ಎಂದು ಹೇಳಿ ಕೂತುಬಿಟ್ಟೆ. ಶುದ್ಧ ಸುಳ್ಳು. ಅವರು ಯಾರಿಗೂ ಅಮ್ಮನ ಹಾಗಿರಲಿಲ್ಲ, ಹಾಗಿರಬೇಕೆಂಬ ಆಸೆಯೂ ಅವರಿಗೆ ಇರಲಿಲ್ಲ. ನಿಜವಾಗಿ ಹೇಳಬೇಕಾಗಿದ್ದುದು ಬೇರೆ. ಅವರು ಹೆದರಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹೆದರಿಸಿದವನೂ ನಾನೇ. ಮೈಕಿನ ಮುಂದೆ ಅದನ್ನು ಹೇಳುವ ಧೈರ್ಯ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ತೊಂಬತ್ತರ ದಶಕದ ಕೊನೆಯ ಮಾತು. ನಾನು ಕೆಲಸ ಮಾಡುತ್ತಿದ್ದ ಕಾರ್ಖಾನೆ ಮುಚ್ಚಿತ್ತು. ವಯಸ್ಸು ಮೂವತ್ತಮೂರು, ಹನುಮಂತನಗರದಲ್ಲಿ ಎರಡು ಕೋಣೆಯ ಬಾಡಿಗೆ ಮನೆ, ಹೆಂಡತಿ ಬಸುರಿ. ಯಾರೋ ಹೇಳಿದರೆಂದು ಚಾಮರಾಜಪೇಟೆಯ ಒಂದು ಹಳೆಯ ಮನೆಯ ಮಹಡಿ ಹತ್ತಿದೆ. ಅಲ್ಲಿ ಮೇಡಂ ನಡೆಸುತ್ತಿದ್ದ ಪುಟ್ಟ ಸಂಸ್ಥೆ ಇತ್ತು. ಮೂರು ಮೇಜು, ಒಂದು ಬೀರು, ಒಂದು ಟೈಪ್‌ರೈಟರು. ಅವರು ಮೂವತ್ತು ವರ್ಷ ಕೃಷಿ ಅರ್ಥಶಾಸ್ತ್ರ ಪಾಠ ಮಾಡಿ, ಅವಧಿಗೆ ಮೊದಲೇ ನಿವೃತ್ತಿ ತೆಗೆದುಕೊಂಡು ಬಂದಿದ್ದರು. ನನ್ನ ಅರ್ಜಿಯನ್ನು ತೆರೆದು ಕೂಡ ನೋಡಲಿಲ್ಲ.

"ನಿಮ್ಮನೇಲಿ ತಿಂಗಳಿಗೆ ಎಷ್ಟು ಅಕ್ಕಿ ಖರ್ಚಾಗತ್ತೆ?"

"ಗೊತ್ತಿಲ್ಲ ಮೇಡಂ. ನನ್ನ ಹೆಂಡತಿಗೆ ಗೊತ್ತು."

"ಬೆಳಗ್ಗೆಯಿಂದ ನಾಲ್ಕು ಜನ ಬಂದಿದ್ರು. ನಾಲ್ಕೂ ಜನ ಏನೋ ಒಂದು ಅಂಕಿ ಹೇಳಿದ್ರು. ನೀವೊಬ್ರೇ ಗೊತ್ತಿಲ್ಲ ಅಂದಿದ್ದು. ಸೋಮವಾರದಿಂದ ಬನ್ನಿ."

ಹಾಗೆ ಕೆಲಸ ಸಿಕ್ಕಿತು. ಸಿಕ್ಕ ದಿನದಿಂದಲೇ ಅವರನ್ನು ಕಂಡರೆ ಭಯ ಶುರುವಾಯಿತು. ತೆಳ್ಳಗಿನ ಎತ್ತರದ ಹೆಂಗಸು, ಗಂಜಿ ಹಾಕಿದ ಹತ್ತಿ ಸೀರೆ, ಗಂಡಸರು ಹಾಕುವಂಥ ದಪ್ಪ ಅಟ್ಟೆಯ ಚಪ್ಪಲಿ. ಬಸವನಗುಡಿಯ ಮನೆಯಿಂದ ಚಾಮರಾಜಪೇಟೆಗೆ ದಿನಾ ನಡೆದೇ ಬರುತ್ತಿದ್ದರು. ಆ ಚಪ್ಪಲಿಯ ಸದ್ದು ಮೆಟ್ಟಿಲ ಮೇಲೆ ಕೇಳಿದ ಕೂಡಲೇ ಟೈಪಿಸ್ಟ್ ಹುಡುಗಿ ಕಡಲೆಕಾಯಿಯ ಪೊಟ್ಟಣವನ್ನು ಡ್ರಾಯರಿಗೆ ತಳ್ಳುತ್ತಿದ್ದಳು, ನಾನು ಯಾವುದಾದರೂ ಕಾಗದ ಕೈಗೆತ್ತಿಕೊಳ್ಳುತ್ತಿದ್ದೆ. ಅವರು ಬೈಯುತ್ತಿರಲಿಲ್ಲ. ಬೈದಿದ್ದರೆ ವಾಸಿಯಿತ್ತು. "ಇದು ನಿಮಗೆ ಹೇಗೆ ಗೊತ್ತು?" ಎಂದು ಕೇಳಿ, ಉತ್ತರ ಬರುವ ತನಕ ಮುಖ ನೋಡುತ್ತ ನಿಲ್ಲುತ್ತಿದ್ದರು, ಅಷ್ಟೆ.

ಗಾಂಧಿಬಜಾರಿನಲ್ಲಿ ತರಕಾರಿ ಮಾರುವವಳ ಜೊತೆ ಅವರು ಚೌಕಾಸಿ ಮಾಡುವುದನ್ನು ನೋಡಬೇಕಿತ್ತು. ಎಲ್ಲರೂ ಕಡಿಮೆ ಮಾಡು ಎಂದು ಜಗಳವಾಡಿದರೆ, ಇವರು "ಈ ರೇಟಿಗೆ ನಿಂಗೇನು ಗಿಟ್ಟತ್ತೆ? ಸಾಗಾಣಿಕೆ ಲೆಕ್ಕಕ್ಕೆ ಹಿಡಿದಿದ್ದೀಯಾ? ಕೊಳೆತದ್ದು ಹಿಡಿದಿದ್ದೀಯಾ?" ಎಂದು ಅವಳನ್ನೇ ದಬಾಯಿಸುತ್ತಿದ್ದರು. ಆಕೆ ಇದರಲ್ಲೇನೋ ಮೋಸವಿದೆ ಎಂದು ಇವರಿಗೆ ಬೀನ್ಸ್ ಕೊಡಲು ಹಿಂದೆಮುಂದೆ ನೋಡುತ್ತಿದ್ದಳು. ಮಧ್ಯಾಹ್ನ ಡಬ್ಬಿ ಬಿಚ್ಚಿದರೆ ಮೊದಲು ಮೊಸರನ್ನ, ಆಮೇಲೆ ಸಾರನ್ನ. ಯಾಕೆ ಮೇಡಂ ಹೀಗೆ ಎಂದು ಟೈಪಿಸ್ಟ್ ಹುಡುಗಿ ಒಮ್ಮೆ ಕೇಳಿದಾಗ, "ಸಾರು ನಾನು ಮಾಡಿದ್ದು, ಮೊಸರು ಅಂಗಡೀದು. ಚೆನ್ನಾಗಿರೋದು ಕೊನೆಗೆ ಇರ್ಲಿ" ಎಂದಿದ್ದರು. ನಕ್ಕಿರಲಿಲ್ಲ, ಹಾಗಾಗಿ ನಾವೂ ನಗಲಿಲ್ಲ.

ಆಗ ನಮ್ಮ ಕೈಯಲ್ಲಿದ್ದ ಕೆಲಸ ಭತ್ತದ್ದು. ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಪೈರಿನ ಬೇರಿಗೆ ಕೊಡುವ ಬ್ಯಾಕ್ಟೀರಿಯಾಗಳಿವೆ. ಅವನ್ನು ಕಪ್ಪು ಪುಡಿಯೊಂದರಲ್ಲಿ ಬೆರೆಸಿ ಪೊಟ್ಟಣ ಮಾಡಿ ಮಾರುತ್ತಾರೆ. ನಾಟಿ ಮಾಡುವ ಮುನ್ನ ಪುಡಿಯನ್ನು ಬಕೆಟ್ಟಿನ ನೀರಿಗೆ ಕಲಸಿ, ಸಸಿಗಳ ಬೇರನ್ನು ಅದರಲ್ಲಿ ಅದ್ದಿ ನೆಟ್ಟರೆ ಆಯಿತು. ಆಮೇಲೆ ಯೂರಿಯಾ ಕಡಿಮೆ ಸಾಕು ಎಂಬುದು ನಂಬಿಕೆ. ಎಷ್ಟು ಕಡಿಮೆ, ಅದರಿಂದ ನಾಲೆಯ ನೀರಿನಲ್ಲಿ ಭತ್ತ ಬೆಳೆಯುವವನಿಗೆ ಏನು ಗಿಟ್ಟುತ್ತದೆ, ಇದನ್ನು ನಾವು ಕಂಡುಹಿಡಿಯಬೇಕಿತ್ತು. ಮೇಡಂ ಆ ಜೀವಿಗಳನ್ನು "ನಮ್ಮ ಕೂಲಿಯೋರು" ಅನ್ನುತ್ತಿದ್ದರು. "ಸಂಬಳ ಕೇಳದೆ ದುಡೀತಾರಂತೆ. ಸಂಬಳ ಕೇಳದೇ ಇರೋರ ಮೇಲೆ ಸ್ವಲ್ಪ ಅನುಮಾನ ಇಟ್ಕೊಂಡಿರ್ಬೇಕು ಕಣ್ರಿ."

ಒಂದು ದಿನ ನಾನು ಹುರುಪಿನಲ್ಲಿ, ಇದರಿಂದ ರೈತನಿಗೆ ಎಕರೆಗೆ ಇಷ್ಟು ಲಾಭ ಎಂದು ಬರೆದುಕೊಂಡು ಹೋದೆ. ಅವರು ಹಾಳೆಯನ್ನು ಮಗುಚಿ ಇಟ್ಟರು.

"ಯೂರಿಯಾ ಅರ್ಧ ಉಳಿಸಿದ್ರೆ ಅವನಿಗೇನು ಉಳಿಯತ್ತೆ? ಸರ್ಕಾರ ಅದನ್ನ ಅಗ್ಗಕ್ಕೆ ಕೊಡ್ತಿದೆ. ಉಳಿಯೋದು ಇಬ್ರು ಹೋಟ್ಲಿಗೆ ಹೋಗಿ ದೋಸೆ ತಿನ್ನೋ ದುಡ್ಡು. ಸರಿ, ಇದು ಕೆಲಸ ಮಾಡ್ಲಿಲ್ಲ ಅಂತಿಟ್ಕೊಳಿ. ಆಗ ಏನು ಹೋಗತ್ತೆ?"

"ಬೆಳೆ ಸ್ವಲ್ಪ ಕಡಿಮೆಯಾಗುತ್ತೆ ಮೇಡಂ."

"ಬೆಳೆ ಅನ್ಬೇಡಿ. ಮನೆಯೋರ ಊಟ ಅನ್ನಿ. ಎಷ್ಟು ತಿಂಗಳ ಊಟ ಅಂತ ಲೆಕ್ಕ ಹಾಕ್ಕೊಂಡ್ಬನ್ನಿ. ಆಮೇಲೆ ಮಾತಾಡೋಣ."

ಮೊದಲ ವರ್ಷ ಮಂಡ್ಯದ ಕಡೆಯ ಒಂದು ಊರಿನಲ್ಲಿ ಮೂರು ಮನೆಯವರ ಗದ್ದೆಯಲ್ಲಿ ಪ್ರಯೋಗ. ಪ್ರತಿ ಗದ್ದೆಯನ್ನೂ ಎರಡು ಭಾಗ ಮಾಡಿ, ಒಂದು ಕಡೆ ಎಂದಿನಂತೆ ಪೂರ್ತಿ ಯೂರಿಯಾ, ಇನ್ನೊಂದು ಕಡೆ ಕಪ್ಪು ಪುಡಿ ಮತ್ತು ಅರ್ಧ ಯೂರಿಯಾ. ವಾರಕ್ಕೊಮ್ಮೆ ಬಸ್ಸು ಹಿಡಿದು ಹೋಗಿ ಪೈರು ಅಳೆದು ಬರೆದುಕೊಂಡು ಬರುವುದು ನನ್ನ ಕೆಲಸ. ಹದಿನೈದು ದಿನಕ್ಕೊಮ್ಮೆ ಮೇಡಮ್ಮೂ ಬರುತ್ತಿದ್ದರು. ಅವರಲ್ಲಿ ಸಣ್ಣತಾಯಮ್ಮನ ಗದ್ದೆ ದೊಡ್ಡದು, ಮನೆಯೂ ದೊಡ್ಡದು. ಗಂಡನಿಗೆ ಮಂಡಿ ನೋವು, ಗದ್ದೆಯ ಯಜಮಾನಿಕೆಯೆಲ್ಲ ಆಕೆಯದೇ. ಹೋದ ಕೂಡಲೇ ಮಜ್ಜಿಗೆ, ಹೊರಡುವಾಗ ಅವರೆಕಾಯಿ.

ನಾಟಿಯಾಗಿ ತಿಂಗಳಿಗೆ ಪುಡಿ ಹಾಕಿದ ಭಾಗ ಹಳದಿ ತಿರುಗಿತು. ಮೂರೂ ಗದ್ದೆಯಲ್ಲಿ ಹಾಗೇ. ಮೇಡಂ ಬದುವಿನ ಮೇಲೆ ನಿಂತು ತುಂಬ ಹೊತ್ತು ನೋಡಿದರು, ಮಜ್ಜಿಗೆಯನ್ನೂ ಕುಡಿಯದೆ ಹೊರಟುಬಿಟ್ಟರು. ಮುಂದಿನ ವಾರ ನಾನು ಹೋಗುವ ದಿನ ಬುಧವಾರ. ಮನೆಯಲ್ಲಿ ಏನೋ ಕೆಲಸವಿತ್ತೆಂದು ಮಂಗಳವಾರವೇ ಹೋದೆ. ಸಣ್ಣತಾಯಮ್ಮ ಪುಡಿ ಹಾಕಿದ ಭಾಗದಲ್ಲಿ ಮೊಣಕಾಲ ತನಕ ಸೀರೆ ಎತ್ತಿಕಟ್ಟಿ ನಿಂತಿದ್ದಳು. ಸೊಂಟದಲ್ಲಿ ಮೊರ. ಮೊರದಿಂದ ಬೊಗಸೆಯಲ್ಲಿ ತೆಗೆದು ಎರಚುತ್ತಿದ್ದಳು. ಬೆಳ್ಳಗಿನ ಕಾಳು.

"ಏನಮ್ಮ ಇದು!" ಎಂದು ಕೂಗಿದೆ.

ಆಕೆ ಸಿಕ್ಕಿಬಿದ್ದವಳ ಹಾಗೆ ನಕ್ಕಳು. "ನೋಡೇಬಿಟ್ಯಾ? ಏನಿಲ್ಲ ಕಣಪ್ಪ, ಒಂದ್ ನಾಕ್ ಬೊಗ್ಸೆ. ಆ ಅಮ್ಮಾರು ಅಷ್ಟ್ ದೂರದಿಂದ ಬಿಸ್ಲಲ್ ಬತ್ತಾರೆ. ಓದ್ಸಲ ಬಂದು ಮೊಕ ಸಣ್ಣ ಮಾಡ್ಕಂಡು ಓದ್ರು. ಒಂದ್ ಲೋಟ ಮಜ್ಗೆ ಮುಟ್ನಿಲ್ಲ. ನಮ್ಮನೆ ಬಾಗ್ಲಿಗ್ ಬಂದೋರು ಅಂಗ್ ಓದ್ರೆ ನಂಗ್ ಉಂಡಿದ್ ಸೇರದಾ? ಈಗ್ ನೋಡು, ಇನ್ನೆಂಟ್ ದಿನಕ್ಕೆ ಎಂಗ್ ಅಸ್ರಾಯ್ತದೆ ಅಂತ. ಯಾರ್‌ಗೂ ಏಳ್ಬ್ಯಾಡ."

ಆಕೆ ಬೀಗರ ಊಟಕ್ಕೆ ತುಪ್ಪ ಹೆಚ್ಚಿಗೆ ಬಡಿಸಿದಷ್ಟೇ ಸಹಜವಾಗಿ ನಮ್ಮ ಪ್ರಯೋಗಕ್ಕೆ ಯೂರಿಯಾ ಬಡಿಸಿದ್ದಳು. ನಾನು ಆವತ್ತೇ ಮೇಡಂಗೆ ಹೇಳಬೇಕಿತ್ತು. ಬಸ್ಸಿನಲ್ಲಿ ಹೇಳಬೇಕಾದ ಮಾತನ್ನು ಜೋಡಿಸಿಕೊಂಡೇ ಬಂದೆ. ಚಾಮರಾಜಪೇಟೆಯ ಮೆಟ್ಟಿಲು ಹತ್ತುವಾಗ ಮಾತೆಲ್ಲ ಇಳಿದುಹೋಯಿತು. ಪ್ರಯೋಗ ಕೆಟ್ಟಿತೆಂದರೆ ಕೆಲಸ ನಿಲ್ಲುತ್ತದೆ, ಕೆಲಸ ನಿಂತರೆ ಮೊದಲು ಹೋಗುವವನು ನಾನು, ಹೆಂಡತಿಗೆ ಏಳನೇ ತಿಂಗಳು. "ಹೇಗಿದೆ ಪೈರು?" ಎಂದರು. "ಪರವಾಗಿಲ್ಲ ಮೇಡಂ" ಎಂದೆ.

ಎಂಟು ದಿನಕ್ಕೆ ಸಣ್ಣತಾಯಮ್ಮನ ಗದ್ದೆ ಹಸಿರಾಯಿತು, ಉಳಿದೆರಡು ಇನ್ನೂ ಅರೆಹಸಿರು. ಮೇಡಂ ಬಂದು ನೋಡಿದರು. ಅವರ ಮುಖ ಅರಳಿದ್ದನ್ನು ನಾನು ಮೊದಲ ಸಲ ಕಂಡೆ. ಸಣ್ಣತಾಯಮ್ಮ ಕೊಟ್ಟ ಮಜ್ಜಿಗೆ ಎರಡು ಲೋಟ ಕುಡಿದರು. ಆಕೆ ಅವರ ಬೆನ್ನ ಹಿಂದಿನಿಂದ ನನ್ನನ್ನು ನೋಡಿ ಕಣ್ಣು ಮಿಟುಕಿಸಿದಳು. ನಾನು ಬಗ್ಗಿ ಪೈರು ಅಳೆಯತೊಡಗಿದೆ.

ಕೊಯ್ಲಾದ ಮೇಲೆ ಅಂಕಿಗಳು ಬಂದವು. ಎರಡು ಗದ್ದೆ ಸುಮಾರು, ಸಣ್ಣತಾಯಮ್ಮನದು ಭರ್ಜರಿ. ಮೂರರ ಸರಾಸರಿ ತೆಗೆದರೆ ಪುಡಿ ಗೆದ್ದಿತ್ತು. ನಮ್ಮ ಸಂಸ್ಥೆಗೆ ಹಣ ಕೊಡುವವರಿಗೆ ಆತುರ, ಬೇಗ ರೈತರಿಗೆ ಮುಟ್ಟಿಸಿ ಎಂದರು. ಮೇಡಂ ಒಂದು ವಾರ ಆ ಹಾಳೆಯನ್ನು ತಿರುವಿ ಮಗುಚಿ ನೋಡಿದರು. ಒಂದು ಬೆಳಗ್ಗೆ ನನ್ನ ಮೇಜಿನ ಮುಂದೆ ಬಂದು ನಿಂತರು.

"ನೋಡಿದ್ದು ಮೂರೇ ಗದ್ದೆ, ಕಮ್ಮಿ ಆಯ್ತು. ಅದರಲ್ಲೂ ಒಂದೇ ಗದ್ದೆ ಎಲ್ಲಾನೂ ಎತ್ತಿ ಹಿಡಿದಿದೆ. ಪ್ರತಿವಾರ ಹೋಗಿ ನೋಡಿದೋರು ನೀವು. ಏನಾದ್ರೂ ಅನುಮಾನ ಇದೆಯಾ? ಇದ್ರೆ ಈಗ ಹೇಳಿ. ಈಗ ಹೇಳಿದ್ರೆ ಏನೂ ಆಗಲ್ಲ."

ಅಷ್ಟು ಮೆತ್ತಗೆ ಅವರು ಯಾವತ್ತೂ ಮಾತಾಡಿರಲಿಲ್ಲ. ಮಗನಿಗೆ ಆಗ ಎರಡು ತಿಂಗಳು.

"ಏನೂ ಇಲ್ಲ ಮೇಡಂ" ಎಂದೆ.

ಬಳೇಪೇಟೆಯ ಒಂದು ಪ್ರೆಸ್ಸಿನಲ್ಲಿ ಕರಪತ್ರ ಅಚ್ಚಾಯಿತು. ಕರಡು ತಿದ್ದಲು ನನ್ನನ್ನೇ ಕಳಿಸಿದರು. ಬಳೆ ಅಂಗಡಿಗಳ ನಡುವೆ, ತಳ್ಳುಗಾಡಿಗಳ ಕೂಗಾಟದಲ್ಲಿ, ಹಸಿ ಮಸಿಯ ವಾಸನೆಯ ಆ ಕೋಣೆಯಲ್ಲಿ ಕೂತು ನಾನು ಆ ಸಾಲನ್ನು ಓದಿದೆ. ಮೇಡಂ ಹೋದ ವರ್ಷ ತಾವೇ ಕಂಡದ್ದನ್ನು ನಂಬಿ ಬರೆದ ಸಾಲು: "ನಾಟಿಯಾದ ಒಂದು ತಿಂಗಳಿಗೆ ಪೈರು ಹಳದಿಯಾಗಿ ಕಂಡರೆ ಹೆದರಬೇಕಾಗಿಲ್ಲ. ಮತ್ತೆ ಯೂರಿಯಾ ಹಾಕದೆ ಕಾಯಿರಿ. ತಾನಾಗಿಯೇ ಹಸಿರಾಗುತ್ತದೆ." ತಾನಾಗಿಯೇ! ಪ್ರೆಸ್ಸಿನವರು ಒಂದು ಅಕ್ಷರ ಅಡ್ಡ ಕೂರಿಸಿದ್ದರು, ಅದನ್ನು ಗುರುತು ಹಾಕಿದೆ. ಸುಳ್ಳನ್ನು ಹಾಗೇ ಬಿಟ್ಟು ಸಹಿ ಮಾಡಿ ಬಂದೆ.

ಜುಲೈನಲ್ಲಿ ನಾಲೆಗೆ ನೀರು ಬಿಟ್ಟರು. ಆರೇಳು ಊರುಗಳಲ್ಲಿ ಪೊಟ್ಟಣದ ಜೊತೆ ಕರಪತ್ರ ಹಂಚಿದೆವು. ಜನ ಮೇಡಂ ಹೇಳಿದ್ದನ್ನೆಲ್ಲ ತಲೆಯಾಡಿಸಿ ಕೇಳಿದರು. ಆಗಸ್ಟಿನಲ್ಲಿ ನನಗೆ ಊಟ ರುಚಿಸುವುದು ನಿಂತಿತು. ಹೆಂಡತಿ ಯಾವುದೋ ಕಾಯಿಲೆ ಎಂದು ತ್ಯಾಗರಾಜನಗರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅವರು ಹುಳುವಿನ ಮಾತ್ರೆ ಕೊಟ್ಟರು.

ಸೆಪ್ಟೆಂಬರಿನ ಒಂದು ಸೋಮವಾರ ಪೋಸ್ಟ್‌ಕಾರ್ಡು ಬಂತು. ಶಾಲೆಯ ಹುಡುಗಿಯ ದುಂಡು ಅಕ್ಷರ. ಮೇಡಂ ಅದನ್ನು ಗಟ್ಟಿಯಾಗಿ ಓದಿದರು. "ಅಮ್ಮಾವರಿಗೆ ಜಯಮ್ಮ ಮಾಡುವ ನಮಸ್ಕಾರಗಳು. ನನ್ನ ಮಗಳ ಕೈಲಿ ಬರೆಸಿದ್ದು. ನಿಮ್ಮ ಕಾಗದದಲ್ಲಿ ಇದ್ದ ಹಾಗೆ ಪುಡಿ ಅದ್ದಿ ನೆಟ್ಟಿದ್ದೇವೆ. ಅರ್ಧ ಯೂರಿಯಾ ಬಿಟ್ಟು ಬೇರೆ ಹಾಕಿಲ್ಲ. ಈಗ ಪೈರು ಹಳದಿಯಾಗಿದೆ. ಎಲ್ಲರೂ ಹಾಕು ಅನ್ನುತ್ತಾರೆ. ಇನ್ನೂ ಕಾಯಬೇಕಾ ತಿಳಿಸಿ. ನಮಗೆ ಇರುವುದು ಇದೊಂದೇ ಗದ್ದೆ."

"ಎಷ್ಟು ಚೆನ್ನಾಗಿ ಬರೆಸಿದಾಳೆ ನೋಡಿ" ಎಂದರು ಮೇಡಂ. "ಇವತ್ತೇ ಉತ್ತರ ಹಾಕಿ. ಕಾಯಿರಿ, ಹೆದರಬೇಡಿ ಅಂತ. ನನ್ನ ಹೆಸರಲ್ಲೇ ಹಾಕಿ."

ಬರೆದೆ. "ಕಾಯಿರಿ. ಹೆದರಬೇಡಿ." ಎರಡು ಸಾಲು, ಅಷ್ಟೆ. ಕಾರ್ಡನ್ನು ಜೇಬಿಗೆ ಹಾಕಿಕೊಂಡು ಅಂಚೆ ಡಬ್ಬಿಯ ತನಕ ಹೋದೆ. ಡಬ್ಬಿಯ ಬಾಯಿಗೆ ಕೈ ಹೋಯಿತು, ಒಳಗೆ ಬಿಡಲು ಆಗಲಿಲ್ಲ. ಇದನ್ನು ಹಾಕಿದರೆ ಆ ಹೆಂಗಸಿನ ಅನ್ನ ಹೋಗುತ್ತದೆ. ಹಾಕದಿದ್ದರೆ? ಉತ್ತರ ಬರಲಿಲ್ಲವೆಂದು ಆಕೆ ಕಾಯುತ್ತಲೇ ಇರುತ್ತಾಳೆ, ಆಗಲೂ ಹೋಗುತ್ತದೆ. ಭತ್ತ ಹೊಡೆ ಕಟ್ಟುವ ಮುಂಚೆ, ಅಂದರೆ ತೆನೆ ಇನ್ನೂ ದಂಟಿನೊಳಗೆ ಮೂಡುವ ಮುಂಚೆ ಯೂರಿಯಾ ಬಿದ್ದರೆ ಉಂಟು, ತಡವಾದರೆ ಎಷ್ಟು ಹಾಕಿದರೂ ಹೋದದ್ದು ಬರುವುದಿಲ್ಲ. ಇದನ್ನು ನನಗೆ ಕಲಿಸಿದವರೂ ಮೇಡಮ್ಮೇ. ಸೋಮವಾರ ಹೋಯಿತು. ಮಂಗಳವಾರ ಅದೇ ಕಾರ್ಡು ಅದೇ ಜೇಬಿನಲ್ಲಿ. ಬುಧವಾರ ಬೆವರಿಗೆ ಮಸಿ ಹರಡಿ ಅಂಗಿಗೆ ನೀಲಿ ಹತ್ತಿತ್ತು. ಹೆಂಡತಿ ಏನಿದು ಎಂದು ಕೇಳಿದರೆ ಅವಳ ಮೇಲೆ ರೇಗಿದೆ. ಕೊಲೆ ಮಾಡಿದವನಿಗೂ ಇಷ್ಟು ಹೆದರಿಕೆ ಆಗುತ್ತದೋ ಇಲ್ಲವೋ, ಅವನ ಕೆಲಸ ಮುಗಿದಿರುತ್ತದೆ. ನನ್ನದು ಗಂಟೆ ಗಂಟೆಗೂ ನಡೆಯುತ್ತಲೇ ಇತ್ತು.

ಗುರುವಾರ ಬೆಳಗ್ಗೆ ಮೇಡಂ ಬರುವ ಮುಂಚೆಯೇ ಅವರ ಮೇಜಿನ ಮುಂದೆ ನಿಂತಿದ್ದೆ. ಅವರು ಕೂರುವ ತನಕವೂ ಕಾಯಲಿಲ್ಲ. ಕಾರ್ಡನ್ನು ಮೇಜಿನ ಮೇಲಿಟ್ಟು ಎಲ್ಲವನ್ನೂ ಒದರಿಬಿಟ್ಟೆ. ಮೊರ, ಬೊಗಸೆ, ಮಜ್ಜಿಗೆ, ಎಲ್ಲ. ಅವರು ಬೈಯುತ್ತಾರೆ, ಆಚೆ ಹೋಗಿ ಅನ್ನುತ್ತಾರೆ ಎಂದು ಕಾದೆ. ಅವರು ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿದರು. ಬೆರಳಿಟ್ಟು ದಿನ ಎಣಿಸಿದರು. ಎಣಿಸುತ್ತ ಎಣಿಸುತ್ತ ಬೆರಳು ತಪ್ಪಿತು, ಮತ್ತೆ ಮೊದಲಿನಿಂದ ಎಣಿಸಿದರು. ಮತ್ತೆ ತಪ್ಪಿತು. ಮಂತ್ರಿಯನ್ನು ತಿದ್ದಿದ ಹೆಂಗಸಿಗೆ ಮೂವತ್ತರೊಳಗಿನ ಅಂಕಿ ಎಣಿಸಲು ಆಗುತ್ತಿರಲಿಲ್ಲ.

"ಎಷ್ಟು ಜನಕ್ಕೆ ಕೊಟ್ವಿ?" ಎಂದರು. ಅವರ ದನಿ ಅವರದಾಗಿರಲಿಲ್ಲ. "ಎಷ್ಟು ಮನೆ? ಅಯ್ಯೋ, ಎಷ್ಟು ಮನೆ ರೀ?"

ಹೇಳಿದೆ.

"ಗೊತ್ತಿಲ್ಲ ಅಂತ ಹೇಳೋಕೆ ಬರತ್ತೆ ಅಂತ ನಿಮ್ಮನ್ನ ತಗೊಂಡೆ" ಎಂದರು. ಅದೊಂದೇ ಮಾತು. ಆಮೇಲೆ ಬೀರು ತೆಗೆದು ಇದ್ದಬದ್ದ ದುಡ್ಡನ್ನು ಚೀಲಕ್ಕೆ ಹಾಕಿಕೊಂಡು, "ನಡೀರಿ, ಬಸ್ಸಿಗೆ" ಎಂದು ಮೆಟ್ಟಿಲಿಳಿದರು.

ಬಸ್ಸಿನಲ್ಲಿ ಅವರು ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು, ಬಸ್ಸು ನಿಂತಾಗಲೂ ಬಿಡುತ್ತಿರಲಿಲ್ಲ. ರಾಮನಗರ ದಾಟಿದ ಮೇಲೆ ಒಮ್ಮೆ, "ನಾನು ಯಾಕೆ ಮಜ್ಜಿಗೆ ಕುಡೀದೆ ಬಂದೆ ಅವತ್ತು?" ಎಂದರು. ನನ್ನನ್ನು ಕೇಳಿದ್ದಲ್ಲ.

ಜಯಮ್ಮನ ಊರಿನಲ್ಲಿ ಇಳಿದು ನಾಲೆಯ ಏರಿ ಹತ್ತಿದೆವು. ಏರಿಯ ಮೇಲಿಂದ ಇಡೀ ಬಯಲು ಕಾಣುತ್ತದೆ. ಮೇಡಂ ಅಲ್ಲೇ ನಿಂತುಬಿಟ್ಟರು. ಕಣ್ಣು ಹಾಯುವಷ್ಟು ದೂರ ಗದ್ದೆಗಳು ಕಡು ಹಸಿರಾಗಿದ್ದವು. ಹಳದಿಯಾಗಿ ಇದ್ದದ್ದು ಒಂದೇ ಒಂದು, ನಾಲೆಯ ಬುಡದ ಚಿಕ್ಕ ಗದ್ದೆ. ಕರಪತ್ರ ತೆಗೆದುಕೊಂಡ ಉಳಿದವರೆಲ್ಲ ಏನು ಮಾಡಿದ್ದರು? ಎದುರಿಗೆ ಬಂದ ಒಬ್ಬರನ್ನು ಕೇಳಿದರೆ ಸಂಕೋಚದಿಂದ ತಲೆ ಕೆರೆದುಕೊಂಡರು.

"ಪುಡೀನೂ ಅದ್ದಿದ್ವಿ ಅಮ್ಮಾರೆ, ಇಲ್ಲ ಅನ್ನಕಿಲ್ಲ. ಯೂರ್ಯಾನೂ ಆಕುದ್ವಿ. ನೀವ್ ಬೇಜಾರ್ ಮಾಡ್ಕಬಾರ್ದು. ಮೂಟೆ ಯೂರ್ಯಾ ಉಳ್ಸಕ್ ಓಗಿ ವರ್ಸದ್ ಕೂಳ್ ಕಳ್ಕಂಡ್ರೆ ಯಾರ್ ಕೊಟ್ಟಾರು?"

ಮೇಡಂ ಒಂದು ವಿಚಿತ್ರ ಸದ್ದು ಮಾಡಿದರು. ನಗುವೋ ಅಳುವೋ ನನಗೆ ತಿಳಿಯಲಿಲ್ಲ. "ಕೇಳಿದ್ರಾ? ನಾನು ನಿಮಗೆ ಹೇಳ್ಕೊಟ್ಟ ಲೆಕ್ಕಾನೇ ಇವರು ಮಾಡಿರೋದು" ಎಂದರು. "ಪುಣ್ಯಕ್ಕೆ ಯಾರೂ ನನ್ನ ನಂಬಿಲ್ಲ. ಆ ಒಬ್ಳು ಬಿಟ್ಟು."

ಜಯಮ್ಮ ನಲವತ್ತರ ಹತ್ತಿರದ ಸಣಕಲು ಹೆಂಗಸು. ಗಂಡ ಇರಲಿಲ್ಲ, ಮಗಳು ಎಂಟನೇ ಕ್ಲಾಸು. ಆಕೆ ಸಂತೋಷದಿಂದ ಓಡಿಬಂದಳು. "ಕಾರ್ಡ್ ಆಕುದ್ರೆ ನೀವೇ ಬಂದ್ಬುಟ್ರಲ್ಲ!" ಮೇಡಂ ಚಪ್ಪಲಿ ಬಿಟ್ಟು ಗದ್ದೆಗೆ ಇಳಿದರು. ಒಂದು ಪೈರನ್ನು ಕಿತ್ತು, ಉಗುರಿನಲ್ಲಿ ದಂಟು ಸೀಳಿ ನೋಡಿದರು. ಇನ್ನೊಂದು ಸೀಳಿದರು. ಒಳಗೆ ತೆನೆ ಮೂಡಿಯಾಗಿತ್ತು, ಎರಡು ಮೂರು ದಿನದ್ದು. ಅವರು ತಲೆಯೆತ್ತಿ ನನ್ನನ್ನು ನೋಡಿದರು. ಮೂರು ದಿನ ಕಾರ್ಡನ್ನು ಜೇಬಿನಲ್ಲಿಟ್ಟುಕೊಂಡವನನ್ನು. ಆ ನೋಟವನ್ನು ನಾನು ಯಾರಿಗೂ ಹೇಳಿಲ್ಲ, ಇಲ್ಲೂ ಹೇಳುವುದಿಲ್ಲ.

"ಜಯಮ್ಮ, ನನ್ನ ಕಾಗದದಲ್ಲಿ ಬರೆದಿದ್ದು ತಪ್ಪು. ಈಗ್ಲೇ ಯೂರಿಯಾ ಹಾಕ್ಬೇಕು. ತಡ ಆಗಿದೆ. ಆದ್ರೂ ಹಾಕ್ಬೇಕು."

ಪಕ್ಕದ ಮನೆಯಿಂದ ಯೂರಿಯಾ ತಂದು ಮೂವರೂ ಸೇರಿ ಎರಚಿದೆವು. ಮುಂದಿನ ನಾಲ್ಕು ದಿನ ಉಳಿದ ಊರುಗಳನ್ನು ಸುತ್ತಿದೆವು. ಪ್ರತಿ ಊರಿನ ತಿರುವಿನಲ್ಲೂ ಮೇಡಂ ಒಂದು ಗಳಿಗೆ ಕಣ್ಣು ಮುಚ್ಚಿ ನಿಂತು ಆಮೇಲೆ ನೋಡುತ್ತಿದ್ದರು. ಎಲ್ಲೆಲ್ಲೂ ಹಸಿರು. ಜಯಮ್ಮನ ಹಾಗೆ ನಂಬಿದವರು ಇನ್ನೊಬ್ಬರು ಸಿಗಲಿಲ್ಲ. ಸಣ್ಣತಾಯಮ್ಮನ ಮನೆಗೂ ಹೋದರು. ಆಕೆ ವಿಷಯ ತಿಳಿದು ಅಳತೊಡಗಿದಾಗ, ಮೇಡಂ ಆಕೆಯ ಪಕ್ಕದಲ್ಲಿ ಜಗಲಿಯ ಮೇಲೆ ಕೂತರು. "ನೀವೇನೂ ಕೆಡಿಸಿಲ್ಲ. ಕೆಡಿಸಿದ್ದು ನನ್ನ ಮುಖ" ಎಂದರು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಕರಪತ್ರ ತಪ್ಪು, ಪ್ರಯೋಗ ಕೆಟ್ಟಿದೆ, ಅದಕ್ಕೆ ತಾವೇ ಹೊಣೆ ಎಂದು ಮೇಡಂ ಹಣ ಕೊಡುವವರಿಗೆ ಬರೆದರು. ಆ ಕಾಗದದಲ್ಲಿ ನನ್ನ ಹೆಸರೂ ಇರಲಿಲ್ಲ, ಸಣ್ಣತಾಯಮ್ಮನ ಹೆಸರೂ ಇರಲಿಲ್ಲ. ಮಾರ್ಚಿಗೆ ಸಂಸ್ಥೆ ಮುಚ್ಚಿತು. ನನಗೆ ಪುಸ್ತಕದಂಗಡಿಯೊಂದರಲ್ಲಿ ಕೆಲಸ ಕೊಡಿಸಿದರು, ಅಲ್ಲಿಂದ ನಾನು ಬೇರೆ ದಾರಿ ಹಿಡಿದೆ. ನನ್ನನ್ನು ಕ್ಷಮಿಸಿದರೋ ಇಲ್ಲವೋ ಕೇಳಲಿಲ್ಲ. ಕೇಳಿದ್ದರೆ ನಿಜ ಹೇಳಿಬಿಡುತ್ತಿದ್ದರು, ಆ ಹೆದರಿಕೆ.

ಮುಚ್ಚುವುದಕ್ಕೆ ಮುಂಚೆ, ಆ ವರ್ಷದ ಕೊಯ್ಲು ಮುಗಿದ ಮೇಲೆ, ಜಯಮ್ಮನ ಊರಿಗೆ ಇನ್ನೊಂದು ಸಲ ಹೋಗಿದ್ದೆವು. ಮನೆಯಲ್ಲಿ ಭತ್ತದ ಮೂಟೆಗಳನ್ನು ಗೋಡೆಗೆ ಒರಗಿಸಿದ್ದಳು. ಎಷ್ಟು ದಿನ ಬರುತ್ತದೆ ಎಂದು ಮೇಡಂ ಕೇಳಿದರು. "ಯುಗಾದಿ ಗಂಟ ಬತ್ತದೆ. ಆಮೇಕೆ ಕೊಂಡ್ಕಬೇಕು" ಎಂದಳು, ದೂರುವ ದನಿಯಲ್ಲೇನಲ್ಲ. ಮೇಡಂ ತಂದಿದ್ದ ಲಕೋಟೆಯನ್ನು ಕೊಟ್ಟರು. ಜಯಮ್ಮ ಬೇಡವೆನ್ನಲಿಲ್ಲ. "ಕೊಡಿ, ಕಮ್ಮಿ ಬಂದಿರದು ನಿಜ ತಾನೆ" ಎಂದು ತೆಗೆದುಕೊಂಡು ಮಗಳ ಕೈಗೆ ಕೊಟ್ಟಳು. ಇನ್ನೇನು ಹೊರಡಬಹುದು ಅಂದುಕೊಂಡೆ.

"ಬ್ಯಾಸ್ಗೆ ಬೆಳೆಗೆ ನೀರ್ ಬುಡ್ತಾರಂತೆ ಅಮ್ಮಾರೆ" ಎಂದಳು ಜಯಮ್ಮ. "ಈ ಸಲ ಪುಡಿ ತಂದಿಲ್ವ?"

ಮೇಡಂ ಎದ್ದವರು ಹಾಗೇ ನಿಂತರು. "ಬೇಡ ಜಯಮ್ಮ. ಅದರ ಸುದ್ದಿ ಬೇಡ. ಎಲ್ಲರ ಹಾಗೆ ಪೂರ್ತಿ ಯೂರಿಯಾ ಹಾಕಿ."

"ಆಕ್ತೀನಿ. ಆದ್ರೂವೆ ಆ ಪುಡಿ ಕೆಲ್ಸ ಮಾಡ್ತದೋ ಇಲ್ವೋ ಯಾರ್‌ಗೂ ಗೊತ್ತಾಗ್ಲೇ ಇಲ್ವಲ್ಲ. ನೀವೂ ನೋಡ್ನಿಲ್ಲ, ಅವ್ರೂ ನೋಡ್ನಿಲ್ಲ. ನಾನೊಬ್ಳೇಯ ಸರ್ಯಾಗ್ ಮಾಡಿದ್ದು. ಒಂದ್ ಮೂಲೇಲಿ ಆಕ್ ನೋಡ್ತೀನಿ. ಅಳ್ದಿ ಆದ್ರೆ ಅಳ್ದಿ ಅಂತ್ಲೇ ಬರುಸ್ತೀನಿ."

"ಬೇಡ. ದಯವಿಟ್ಟು ಬೇಡ" ಎಂದರು ಮೇಡಂ. ಅವರು ಬೇಡಿಕೊಂಡದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಜಯಮ್ಮ ಆಗಲೇ ಹೊರಗೆ ನಡೆದಿದ್ದಳು. ಕೊಯ್ದ ಪೈರಿನ ಕೂಳೆಯ ಮೇಲೆ ನಿಂತು, ಇಲ್ಲಿಂದ ಅಲ್ಲೀ ತನಕ ಎಂದು ಕೈ ಚಾಚಿ ತೋರಿಸಿದಳು. ಮೇಡಂ ಬರಿಗಾಲಲ್ಲಿ ಆ ಕೂಳೆ ತುಳಿದುಕೊಂಡು ಅವಳ ಹಿಂದೆ ಓಡಿದರು.

"ಅಷ್ಟು ಬೇಡ, ಚಿಕ್ಕದು ಮಾಡಿ."

ಜಯಮ್ಮ ಎರಡು ಹೆಜ್ಜೆ ಹಿಂದೆ ಬಂದಳು.

"ಇನ್ನೂ ಚಿಕ್ಕದು ಜಯಮ್ಮ. ಹೋದ್ರೂ ಊಟಕ್ಕೆ ಕಮ್ಮಿ ಆಗ್ಬಾರ್ದು. ಇನ್ನೂ ಚಿಕ್ಕದು."

ನಾನು ಬದುವಿನ ಮೇಲೆ ನಿಂತು ನೋಡುತ್ತಿದ್ದೆ. ಅವರು ಅವಳ ಸೆರಗು ಹಿಡಿದು ಒಂದೊಂದೇ ಹೆಜ್ಜೆ ಹಿಂದಕ್ಕೆ ಎಳೆಯುತ್ತಿದ್ದರು. ಕೊನೆಗೆ ಇಬ್ಬರ ನಡುವೆ ಒಂದು ಚಾಪೆಯಷ್ಟು ನೆಲ ಉಳಿಯಿತು. ಮೇಡಂ ಅದನ್ನು ಸುತ್ತಲೂ ನಡೆದು ನೋಡಿದರು, ಅಷ್ಟು ನೆಲದಲ್ಲಿ ಎಷ್ಟು ಹೊತ್ತಿನ ಊಟ ಬೆಳೆಯುತ್ತದೆ ಎಂದು ಜಯಮ್ಮನನ್ನೇ ಕೇಳಿದರು. ಆಕೆ ಹೇಳಿದಳು. ಆಮೇಲೆ ಒಪ್ಪಿದರು.